ಗೋವಾದ ಸುಳ್ಳು, ಕೆರಿಬಿಯನ್ ಮಳೆ

ಮಾನ್ವಿಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧದ ಅಂಗಡಿ ಇದೆ. ಔಷಧವೆಂದರೆ ಹತ್ತಿಗೆ, ಭತ್ತಕ್ಕೆ, ಮೆಣಸಿನಕಾಯಿ ಗಿಡಕ್ಕೆ ಹೊಡೆಯುವಂಥದ್ದು. ನಮ್ಮ ವ್ಯಾಪಾರದಲ್ಲಿ ಒಂದು ರೂಢಿ ಉಂಟು. ಕಂಪನಿಯವರು ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಟೂರಿಗೆ ಕರೆದೊಯ್ಯುತ್ತಾರೆ. ಹಾಗೆ ನಾನು ಗೋವಾ, ಬ್ಯಾಂಕಾಕ್, ಶ್ರೀಲಂಕಾ ಎಲ್ಲ ತಿರುಗಿದೆ. ಮನೆಗೆ ಬಂದು ಸಮುದ್ರದೊಳಗೆ ಎದೆಮಟ್ಟ ಇಳಿದು ತೆರೆಗಳ ಜೊತೆ ಗುದ್ದಾಡಿದ್ದನ್ನು ಹೆಂಡತಿಗೆ ಬಣ್ಣಿಸಿ ಬಣ್ಣಿಸಿ ಹೇಳಿದೆ.

ಅದೆಲ್ಲ ಶುದ್ಧ ಸುಳ್ಳು. ನನಗೆ ನೀರೆಂದರೆ ಜೀವ ಹೋಗುತ್ತದೆ. ಚಿಕ್ಕವನಿದ್ದಾಗ ದೇವಸುಗೂರಿಗೆ ಸೂಗೂರೇಶ್ವರನ ದರ್ಶನಕ್ಕೆ ಹೋದವರು ಕೃಷ್ಣಾ ಹೊಳೆಯಲ್ಲಿ ಸ್ನಾನಕ್ಕೆ ಇಳಿದಿದ್ದೆವು. ಕಾಲು ಜಾರಿತು. ನೀರು ಸೊಂಟದಷ್ಟೂ ಇರಲಿಲ್ಲ, ಎದ್ದು ನಿಂತಿದ್ದರೆ ಸಾಕಿತ್ತು. ನಾನು ನಿಲ್ಲುವ ಬದಲು ಕೂಗಿದೆ, ಕೂಗಲು ಬಾಯಿ ತೆರೆದದ್ದಕ್ಕೆ ಅರ್ಧ ಕೃಷ್ಣೆ ಹೊಟ್ಟೆಯೊಳಗೆ ಹೋಯಿತು. ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಕೂದಲು ಹಿಡಿದು ಎಳೆದು, ಒಗೆಯುವ ಕಲ್ಲಿನ ಮೇಲೆ ನನ್ನನ್ನು ಒದ್ದೆ ಬಟ್ಟೆಯ ಪಕ್ಕ ಇಟ್ಟಳು. ಅಂದಿನಿಂದ ನಾನು ಬಕೆಟ್ಟಿನ ನೀರನ್ನು ಮಾತ್ರ ನಂಬಿದವನು. ಗೋವಾದಲ್ಲಿ ಉಳಿದವರು ನೀರಿಗೆ ಬಿದ್ದು ಹೊರಳಾಡುವಾಗ ನಾನು ದೂರದ ತೆಂಗಿನ ಮರದ ಕೆಳಗೆ ಸಿಮೆಂಟಿನ ಕಟ್ಟೆಯ ಮೇಲೆ ಎಲ್ಲರ ಚಪ್ಪಲಿ ಮತ್ತು ಮೊಬೈಲು ಕಾಯುತ್ತ ಕುಳಿತಿದ್ದೆ. ಬ್ಯಾಂಕಾಕ್ ಟೂರಿನಲ್ಲಿ ಬೀಚಿಗೆ ಹೋದಾಗಲೂ ಅದೇ ಹುದ್ದೆ.

ಹೆಂಡತಿ ಹಿರೇಕೊಟ್ನೆಕಲ್‌ನವಳು. ಅವಳು ಕಂಡ ದೊಡ್ಡ ನೀರೆಂದರೆ ಕಾಲುವೆ. ಮದುವೆಯಾದ ಹೊಸತರಲ್ಲಿ ಒಮ್ಮೆ, “ನನಗ ಒಮ್ಮೆ ಸಮುದ್ರದಾಗ ನಿಂದ್ರಬೇಕ್ರೀ” ಎಂದಿದ್ದಳು. ನಾನೋ ಮಾತಿನ ಮಲ್ಲ. “ನಿನ್ನ ಕೈ ಹಿಡದು ನಾನ ನಿಂದ್ರಸ್ತೀನಿ ತಗೋ” ಎಂದುಬಿಟ್ಟೆ. ಆಮೇಲೆ ಅವಳು ಪ್ರತಿ ವರ್ಷ ಕೇಳುವುದು, ನಾನು ಪ್ರತಿ ವರ್ಷ “ಕಂಪನಿಯವರು ಹೆಂಗಸರನ್ನ ಕರಕೊಂಡು ಹೋಗಂಗಿಲ್ಲ, ಏನ್ ಮಾಡ್ಲಿ” ಎಂದು ಮುಖ ಸಣ್ಣದು ಮಾಡುವುದು. ಇಪ್ಪತ್ತಾರು ವರ್ಷ ಈ ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಗೆ ಕಂಪನಿಯವರೇ ನನ್ನ ಕತ್ತು ಕೊಯ್ದರು. ಈ ಸಲ ಗಂಡ ಹೆಂಡತಿ ಇಬ್ಬರಿಗೂ ಟೂರು, ಅದೂ ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ಮೇಲೆ ಎಂದು ರಾಯಚೂರಿನ ಮೀಟಿಂಗಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಹೈದರಾಬಾದಿನಿಂದ ವಿಮಾನದ ಮೇಲೆ ವಿಮಾನ ಹತ್ತಿಳಿದು ಹಡಗು ಸೇರಿದೆವು. ಹಡಗು ಅನ್ನುವುದು ಹೆಸರಿಗೆ ಮಾತ್ರ, ಒಳಗೆ ಮಾನ್ವಿಯ ಬಜಾರು ಹಿಡಿಸುವಷ್ಟು ಜಾಗವಿತ್ತು. ನೀರು ಎಲ್ಲೋ ಪಾತಾಳದಲ್ಲಿ ಕಾಣುತ್ತಿತ್ತು. ಅದು ನನಗೆ ಒಳ್ಳೆಯದೇ ಆಯಿತು. ಮೊದಲ ಬಂದರಿನಲ್ಲಿ ನನಗೆ ಹೊಟ್ಟೆನೋವು ಬಂತು. ಎರಡನೆಯದರಲ್ಲಿ ಮೊಣಕಾಲು ಹಿಡಿಯಿತು. ಹೆಂಡತಿ ಎರಡೂ ದಿನ ನನ್ನ ಪಕ್ಕದಲ್ಲೇ ಕುಳಿತು ಕಾಲೊತ್ತಿದಳು. “ಐದ್ ದಿನ ಆತು, ಸಮುದ್ರದ ಮ್ಯಾಲೆ ಅದೀವಿ. ಇನ್ನಾ ಒಂದ್ ಹನಿ ಮುಟ್ಟಿಲ್ಲ ನೋಡ್ರಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ಆರನೆಯ ದಿನ ಕೊನೆಯ ಬಂದರು. ದ್ವೀಪದ ಹೆಸರು ನನಗೆ ಆಗಲೂ ನಾಲಿಗೆಗೆ ಹತ್ತಲಿಲ್ಲ, ಈಗಲೂ ಹತ್ತುವುದಿಲ್ಲ. ಅವಳು ಬೆಳಿಗ್ಗೆ ಬೇಗ ಎದ್ದು, ಒದ್ದೆಯಾದರೂ ಹಾಳಾಗದ ಹಳೆಯ ಸೀರೆ ಉಟ್ಟು ತಯಾರಾಗಿದ್ದಳು. ನಾನು ಹೊದಿಕೆಯೊಳಗೆ ಮಲಗಿ, ಇವತ್ತು ಯಾವ ಅಂಗಕ್ಕೆ ನೋವು ತರಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಅವಳು ಪರದೆ ಸರಿಸಿದಳು. ಹೊರಗೆ ಮಳೆ! ಅಂಥಿಂಥ ಮಳೆಯಲ್ಲ, ಗಾಳಿಗೆ ಅಡ್ಡಡ್ಡ ಬೀಸುವ ಮಳೆ. ಗೋಡೆಯೊಳಗಿನ ಸ್ಪೀಕರಿನಲ್ಲಿ ಕ್ಯಾಪ್ಟನ್ನನ ದನಿ ಬಂತು. ಗಾಳಿ ಜೋರಿರುವುದರಿಂದ ಬೀಚಿಗೆ ಹೋಗುವ ದೋಣಿಗಳೆಲ್ಲ ರದ್ದು ಎಂದನು. ಅವನು ಇನ್ನೂ ಏನೋ ಹೇಳುತ್ತಿದ್ದ, ನಾನು ಅಷ್ಟಕ್ಕೇ ಎದ್ದು ಕುಳಿತು ಮನಸ್ಸಿನಲ್ಲೇ ಸೂಗೂರೇಶ್ವರನಿಗೆ ಕಾಯಿ ಒಡೆಸುವ ಹರಕೆ ಹೊತ್ತೆ.

“ಛೇ, ಎಂಥ ಕೆಲಸ ಆತು ನೋಡು” ಎಂದೆ. ನನ್ನ ಮುಖ ಅರಳಿದ್ದನ್ನು ಅವಳು ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಪಕ್ಕದ ಕೋಣೆಯಲ್ಲಿ ದೇವದುರ್ಗದ ನನ್ನ ದೋಸ್ತ ಮತ್ತು ಅವನ ಹೆಂಡತಿ ಇದ್ದರು. ಅವನದೂ ನನ್ನಂಥದೇ ಅಂಗಡಿ. ಗೋವಾದಲ್ಲಿ ಎಲ್ಲರಿಗಿಂತ ಮೊದಲು ನೀರಿಗೆ ಹಾರಿದವನು ಅವನೇ. ನಾನು ಹೆಂಡತಿಯ ಜೊತೆ ಹೋದಾಗ ಅವನು ಬಾಲ್ಕನಿಯಲ್ಲಿ ನಿಂತು ಮಳೆ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

“ಯಪ್ಪಾ, ಏನ್ ಮಳಿ ಲೇ ಇದು! ಸುಮ್ನ ಸಮುದ್ರದಾಗ ಬಿದ್ದು ಹಾಳಾಗಾಕತ್ತದ. ಇದರಾಗ ಕಾಲುಭಾಗ ನಮ್ ಕಡಿ ಬಿದ್ದಿದ್ರ ನನ್ನ ಬೀಜ ಪೂರಾ ಖಾಲಿ ಆಗ್ತಿದ್ವು.”

“ಈ ಹವಾಕ್ಕ ಬೆಳಿಗೆ ಕೊಳೆ ರೋಗ ಗ್ಯಾರಂಟಿ” ಎಂದೆ ನಾನು.

“ಮ್ಯಾಲಿನ ಡೆಕ್ಕಿನಾಗ ಕುಂಡದಾಗ ಗಿಡ ಇಟ್ಟಾರ, ನೋಡೀಯೇನು? ಎಲಿ ಎಲ್ಲಾ ಮುದುರ್ಯಾವ. ನಿನ್ನೆ ಆ ಬಿಳಿ ಡ್ರೆಸ್ಸಿನವಗ ಹೇಳಿದೆ, ಔಷಧ ಹೊಡೀರಿ ಅಂತ. ಅವ ನನಗ ಜ್ಯೂಸ್ ತಂದು ಕೊಟ್ಟ.”

ಹೆಂಗಸರಿಬ್ಬರೂ ಒಂದು ಮೂಲೆಯಲ್ಲಿ ಮೆಲ್ಲಗೆ ಏನೋ ಮಾತಾಡುತ್ತಿದ್ದರು. ನನಗೊಂದು ಉಪಾಯ ಹೊಳೆಯಿತು. ಮೇಲಿನ ಅಂತಸ್ತಿನ ಊಟದ ಹಾಲ್‌ನಲ್ಲಿ ನೆಲದಿಂದ ಚಾವಣಿಯವರೆಗೆ ಗಾಜಿನ ಕಿಟಕಿ ಇತ್ತು. ಅದರ ಪಕ್ಕದ ಸೋಫಾದಲ್ಲಿ ಹೆಂಡತಿಯನ್ನು ಕೂರಿಸಿ, ಇಡೀ ದಿನ ಗಾಜಿನೊಳಗಿಂದ ಸಮುದ್ರ ತೋರಿಸಿಬಿಟ್ಟರೆ ಕೊಟ್ಟ ಮಾತು ತೀರಿತು. ತೋರಿಸಿದಂತೆಯೂ ಆಯಿತು, ಒದ್ದೆಯಾಗದಂತೆಯೂ ಆಯಿತು.

ಆದರೆ ನಾಲ್ವರೂ ಮೇಲೆ ಹೋಗಿ ನೋಡಿದರೆ, ಮಳೆಗೆ ಹಡಗಿನ ಜನವೆಲ್ಲ ಅಲ್ಲೇ ಬಂದು ತುಂಬಿತ್ತು. ಕಿಟಕಿಯ ಬಳಿ ಒಂದೇ ಸೋಫಾ ಖಾಲಿ. ನಾನು ಹೆಗಲ ಮೇಲಿನ ಟವೆಲ್ ತೆಗೆದು ದೂರದಿಂದಲೇ ಎಸೆದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಕಿಟಕಿಯೊಳಗೆ ಟವೆಲ್ ಬೀಳುತ್ತದೆ. ಬಿದ್ದ ಮೇಲೆ ಆ ಸೀಟು ಅವನದು, ಸಾಕ್ಷಾತ್ ಕಂಡಕ್ಟರನೂ ಮುಟ್ಟುವುದಿಲ್ಲ. ಟವೆಲ್ ಬಿತ್ತಲ್ಲ ಎಂಬ ಧೈರ್ಯದಲ್ಲಿ ನಾವು ನಾಲ್ವರೂ ಹೋಗಿ ನಿಧಾನವಾಗಿ ತಿಂಡಿ ತಿಂದು, ಚಹಾ ಕುಡಿದು, ಮತ್ತೊಮ್ಮೆ ತಿಂಡಿ ತಿಂದು ಬಂದೆವು. ಬಂದರೆ ಸೋಫಾದಲ್ಲಿ ಟೋಪಿ ಹಾಕಿದ ಒಬ್ಬ ಬಿಳಿಯ ಮುದುಕ ದಪ್ಪ ಪುಸ್ತಕ ಓದುತ್ತ ಕಾಲು ಚಾಚಿದ್ದ. ಟವೆಲ್ ಇರಲಿಲ್ಲ.

ಹಿಂದಿ ಬಲ್ಲ ಒಬ್ಬ ಕೆಲಸದವನು ಬಂದು, ಅರ್ಧ ಗಂಟೆ ಖಾಲಿ ಬಿಟ್ಟ ಜಾಗದ ಟವೆಲ್ ತೆಗೆಯುವುದು ಹಡಗಿನ ಕಾನೂನು ಎಂದು ವಿನಯದಿಂದ ಹೇಳಿದ. ನನ್ನ ಟವೆಲನ್ನು ಹಂಸದ ಆಕಾರದಲ್ಲಿ ಮಡಿಸಿ ತಂದು ಕೊಟ್ಟ. ನಾನು ರಾಯಚೂರಿನ ಬಜಾರಿನಲ್ಲಿ ಕಲಿತ ದಖನಿ ಉರ್ದುವಿನಲ್ಲಿ, “ಹಮಾರೇ ಗಾಂವ್ ಮೇ ಟವೆಲ್ ಡಾಲೇ ತೋ ಸೀಟ್ ಹಮಾರಾಚ್”, ನಮ್ಮೂರಲ್ಲಿ ಟವೆಲ್ ಹಾಕಿದರೆ ಸೀಟು ನಮ್ಮದೇ, ಎಂದು ವಾದಿಸಿದೆ. ಅವನು ತಲೆದೂಗಿದ, ಮುದುಕನೂ ತಲೆದೂಗಿದ, ಯಾರೂ ಏಳಲಿಲ್ಲ. ಆಗ ದೋಸ್ತ ಮುದುಕನ ಎದುರು ನಿಂತು ಇಪ್ಪತ್ತು ನಿಮಿಷ ಸುಮ್ಮನೆ ಅವನನ್ನೇ ನೋಡಿದ. ಬಸ್ಸಿನಲ್ಲಿ ಹೀಗೆ ನೋಡಿದರೆ ಎಂಥವರೂ ಸರಿಯುತ್ತಾರೆ. ಮುದುಕನೂ ಕೊನೆಗೆ ಎದ್ದು ಹೋಗಿ ಪಕ್ಕದ ಕಂಬಕ್ಕೆ ಒರಗಿ ಓದತೊಡಗಿದ.

“ಇನ್ನ ಈ ಸೀಟ್ ಬಿಟ್ಟು ಏಳಬಾರದು” ಎಂದು ನಾವಿಬ್ಬರೂ ನಿರ್ಧರಿಸಿದೆವು. ಹೆಂಡತಿ ಗಾಜಿನ ಬಳಿ ನಿಂತು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಮಂಜು, ಮಳೆ, ಬಂದರಿನ ಕಾಂಕ್ರೀಟು.

“ನೋಡು, ಇದ ಸಮುದ್ರ” ಎಂದೆ.

“ಹೌದ್ರಿ, ಕಂಡೀನಿ” ಎಂದಳು. “ನೀವು ಸೀಟ್ ಕಾಯ್ರಿ. ನಾವಿಬ್ರೂ ಹಂಗ ಅಡ್ಡಾಡಿ ಬರ್ತೀವಿ.”

ಕೆಳಗೆ ಎಲ್ಲೋ ಕುಣಿತವೋ ಅಂಗಡಿಯೋ ನೋಡಲು ಹೋಗಿರಬೇಕೆಂದು ನಾನು ಹಾಯಾಗಿ ಕುಳಿತೆ. ದೋಸ್ತನಿಗೆ ನಿದ್ದೆ ಬಂತು. ನನಗೆ ಮೂತ್ರಕ್ಕೆ ಅವಸರವಾಯಿತು, ಆದರೆ ಕಂಬದ ಪಕ್ಕದ ಮುದುಕ ಪುಸ್ತಕದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಕಾಲ ಮೇಲೆ ಕಾಲು ಹಾಕಿ ಕುಳಿತೆ. ಹಾಗೆ ಒಂದು ತಾಸು ಕಳೆದಿರಬೇಕು. ಸುಮ್ಮನೆ ಕೆಳಗೆ ನೋಡಿದವನಿಗೆ, ಮಳೆಯಲ್ಲಿ ಬಂದರಿನ ಕಾಂಕ್ರೀಟಿನ ಮೇಲೆ ಎರಡು ಹಳದಿ ರೇನ್‌ಕೋಟುಗಳು ಹೋಗುತ್ತಿರುವುದು ಕಂಡಿತು. ಎರಡರ ಬೆನ್ನ ಮೇಲೂ ಹತ್ತಿಯ ಕಾಯಿಕೊರಕ ಹುಳದ ದೊಡ್ಡ ಚಿತ್ರ. ಕಂಪನಿಯವರು ನಮ್ಮಂಥ ಅಂಗಡಿಯವರಿಗಷ್ಟೇ ಪುಕ್ಕಟೆ ಹಂಚುವ ರೇನ್‌ಕೋಟು. ಕೆರಿಬಿಯನ್ನಿನಲ್ಲಿ ಆ ಹುಳ ಹೊತ್ತು ನಡೆಯುವವರು ಬೇರೆ ಯಾರಿದ್ದಾರು?

ಕ್ಯಾಪ್ಟನ್ ಹೇಳಿದ ಉಳಿದರ್ಧ ಆಗ ತಿಳಿಯಿತು. ದೋಣಿಗಳು ಮಾತ್ರ ರದ್ದು, ಇಳಿದು ನಡೆಯುವವರಿಗೆ ಬಾಗಿಲು ತೆರೆದೇ ಇತ್ತು. ಎರಡೂ ಹುಳಗಳು ಬಂದರಿನ ಕೊನೆಗೆ ಹೋಗಿ, ಎಡಕ್ಕೆ ತಿರುಗಿ, ಕಲ್ಲಿನ ಗೋಡೆಯ ಹಿಂದೆ ಮಾಯವಾದವು. ಬರುತ್ತಾರೆ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ದೋಸ್ತನನ್ನು ಅಲ್ಲಾಡಿಸಿದೆ. “ಬರ್ತಾರ ಬಿಡಲೇ” ಎಂದು ಅವನು ಮಗ್ಗುಲಾದ. ನಾನು ಎದ್ದು ಓಡಿದೆ. ಹಿಂದಿನಿಂದ ಮುದುಕ ಸೋಫಾಕ್ಕೆ ಕುಸಿದ ಸದ್ದು ಕೇಳಿತು.

ಇಳಿಯುವ ಬಾಗಿಲವರೆಗೆ ಓಡಿದ್ದೇನೋ ಸರಿ. ಅಲ್ಲಿ ಹಡಗಿಗೂ ದಡಕ್ಕೂ ನಡುವೆ ಒಂದು ಸಂದು, ಸಂದಿನ ಕೆಳಗೆ ಕಪ್ಪು ನೀರು ಮೇಲಕ್ಕೆ ಕೆಳಕ್ಕೆ ಏದುಸಿರು ಬಿಡುತ್ತಿತ್ತು. ಮೇಲೆ ಕಬ್ಬಿಣದ ಸೇತುವೆ ಇತ್ತು, ಕಟಾಂಜನವಿತ್ತು, ಆದರೂ ಕಾಲು ಏಳಲಿಲ್ಲ. ಅವಳಿಗೆ ಏನಾದರೂ ಆದರೆ ಎಂಬ ಭಯ ಒಂದು ಕಡೆ, ನೀರಿನ ಭಯ ಇನ್ನೊಂದು ಕಡೆ. ಎರಡರ ನಡುವೆ ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಇಬ್ಬರೂ ನಗುತ್ತ ಬಂದರು. ರೇನ್‌ಕೋಟು ಹೆಸರಿಗಷ್ಟೇ, ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಸೀರೆಯ ಅಂಚಿಗೆಲ್ಲ ಉಸುಕು. ಇಪ್ಪತ್ತಾರು ವರ್ಷದಲ್ಲಿ ಅವಳ ಆ ಮುಖ ನಾನು ಕಂಡಿರಲಿಲ್ಲ. ನನಗೆ ಮೊದಲು ಹೋದ ಜೀವ ಬಂತು, ಆಮೇಲೆ ಸಿಟ್ಟು ಬಂತು.

“ನಾ ನಿಂದ್ರಸ್ತೀನಿ ಅಂದಿದ್ನಿಲ್ಲ? ನನ್ನ ಬಿಟ್ಟು ಹೆಂಗ ಹೋದಿ?” ಎಂದೆ. ದನಿ ನನಗೇ ಅಳುಬುರುಕನ ಹಾಗೆ ಕೇಳಿಸಿತು.

ದೋಸ್ತನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಲಿಫ್ಟಿನ ಕಡೆ ಹೋದಳು. ನನ್ನವಳು ಸೇತುವೆಯ ಆ ಕಡೆಯೇ ನಿಂತು ಹೇಳಿದಳು. “ಗೋವಾದಿಂದ ಬಂದಾಗ ನಿಮ್ ಪ್ಯಾಂಟ್ ತೊಳದಾಕಿ ನಾನು. ಬ್ಯಾಂಕಾಕದ್ದೂ ನಾನ ತೊಳದೀನಿ. ಅಕಿ ಗಂಡನ ಕಿಸೇದಾಗ ಅರ್ಧ ಸೇರು ಉಸುಕು ಬಂದಿತ್ತಂತ. ನಿಮ್ಮದ್ರಾಗ ಒಂದ್ ಕಾಳು ಇರಲಿಲ್ಲ.”

ಬಾಗಿಲಲ್ಲಿದ್ದ ಕಾವಲಿನವನಿಗೆ ಕನ್ನಡ ಬಾರದಿದ್ದರೂ ಅವನು ಮುಖ ಆಚೆ ತಿರುಗಿಸಿಕೊಂಡ.

“ಅಂದ್ರ ಅವಾಗಿಂದ ಗೊತ್ತದ ನಿನಗ?”

“ಗೊತ್ತದ.”

“ಮತ್ತ ಪ್ರತಿ ಸಲ ಕಣ್ ಅಗಲಿಸಿ ಕೇಳ್ಕೋತ ಕುಂದ್ರತಿದ್ದೆಲ್ಲ, ಯಾಕ?”

“ನೀವು ಭಾಳ ಚಂದ ಹೇಳ್ತಿದ್ರಿ” ಎಂದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ.

ಆಮೇಲೆ ಸೇತುವೆಯ ಮೇಲೆ ಎರಡು ಹೆಜ್ಜೆ ಬಂದು ಕೈ ಚಾಚಿದಳು. “ಬರ್ರಿ. ಹಡಗ ಬಿಡಾಕ ಇನ್ನಾ ಎರಡ್ ತಾಸು ಅದ. ಗ್ವಾಡಿ ಹಿಂದ ತೆರಿ ಇಲ್ಲ, ನೀರು ಮೊಣಕಾಲ ಮುಟ್ಟಂಗಿಲ್ಲ.”

ಕಣ್ಣು ಮುಚ್ಚಿಕೊಂಡು ಸಂದು ದಾಟಿದೆ. ಮಳೆಯಲ್ಲಿ ನಡೆದೆವು. ಗಾಳಿಗೆ ನನ್ನ ಲುಂಗಿ ಹಾರಿ ತಲೆಗೆ ಸುತ್ತಿಕೊಂಡಾಗ ದ್ವೀಪದ ಒಬ್ಬ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಗೋಡೆಯ ಹಿಂದೆ ಅಂಗಳದಷ್ಟು ಉಸುಕು, ಅದರ ತುದಿಗೆ ಸುಮ್ಮನೆ ಬಂದು ಹೋಗುವ ನೀರು. ಅವಳು ಮುಂಗೈ ಗಟ್ಟಿಯಾಗಿ ಹಿಡಿದು ಎಳೆದಳು. ನೀರು ಬೆರಳಿಗೆ ತಾಗಿದ್ದೇ ತಡ “ಯವ್ವಾ!” ಎಂದು ಕೂಗಿದೆ. ಹಿಮ್ಮಡಿಗೆ ಬಂದಾಗ ಇನ್ನೊಮ್ಮೆ ಕೂಗಿದೆ. ಮೀನಖಂಡಕ್ಕೆ ಬಂದಾಗ ಕೂಗಲು ಉಸಿರಿರಲಿಲ್ಲ. ಅವಳ ಭುಜಕ್ಕೆ ಜೋತುಬಿದ್ದು, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತೆ. ನೀರು ಬೆಚ್ಚಗಿತ್ತು.

ಎಷ್ಟೋ ಹೊತ್ತಿನ ಮೇಲೆ ಕಿವಿಯ ಹತ್ತಿರ ಅವಳ ದನಿ ಬಂತು.

“ಕಣ್ ತೆರೀರಿ ಈಗ. ಅಂಜಬ್ಯಾಡ್ರಿ. ನೀವು ಹೇಳಿದ ಸಮುದ್ರ ಇದಕ್ಕಿಂತ ಭಾಳ ದೊಡ್ಡದಿತ್ತು.”