ಟ್ಯಾಂಗೋ ಹುಡುಗಿಗೆ ಅವ್ವ ದೃಷ್ಟಿ ತೆಗೆದದ್ದು

ನನ್ನ ಬಾಣಂತನಕ್ಕೆಂದು ಅವ್ವ ಹುಬ್ಬಳ್ಳಿಯಿಂದ ಮಾನ್ಮತ್ ಜಂಕ್ಷನ್ ಎಂಬ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕೂಸಿಗೆ ಎಣ್ಣೆ ಹಚ್ಚುವುದು, ನನಗೆ ಅಳವಿ ಬೀಜದ ಪಾಯಸ ಕುದಿಸುವುದು, ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಲಾಟ್ ನೋಡುವುದು, ಇಷ್ಟೇ ಅವಳು ಕಂಡ ಅಮೆರಿಕ. ನಾನಾಗಲೇ ಕೆಲಸಕ್ಕೆ ಮರಳಿದ್ದೆ. ಇಸವಿ ಎರಡು ಸಾವಿರ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜಗತ್ತೇ ನಮ್ಮಂಥ ಸಾಫ್ಟ್‌ವೇರಿನವರನ್ನು ಹುಡುಕುತ್ತಿದ್ದ ಕಾಲ. ಪ್ರಾಜೆಕ್ಟು ಮುಗಿದ ಖುಷಿಗೆ ಮ್ಯಾನೇಜರು ಇಡೀ ಟೀಮನ್ನು ಮ್ಯಾನ್‌ಹಟನ್ನಿನ ಟ್ಯಾಂಗೋ ಡಿನ್ನರ್ ಶೋಗೆ ಕರೆದ. ಜೊತೆಗೆ ಮನೆಯವರೊಬ್ಬರನ್ನು ಕರೆತರಬಹುದಿತ್ತು.

"ಕೂಸನ್ನ ನಾನು ನೋಡ್ಕೋತೀನಿ, ಅತ್ತೆಯವರನ್ನ ಕರ್ಕೊಂಡು ಹೋಗು" ಎಂದರು ನಮ್ಮವರು. ನನಗೆ ಮನಸ್ಸಿರಲಿಲ್ಲ. ಇಳಕಲ್ ಸೀರೆ, ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್. ನೋಡಿದವರು ಏನಂದಾರು! ಹೌದು, ಹಾಗೇ ಯೋಚಿಸಿದೆ, ಸುಳ್ಳೇಕೆ ಹೇಳಲಿ.

ಊಟದ ಮೇಜುಗಳ ನಡುವೆ ಪುಟ್ಟದೊಂದು ವೇದಿಕೆ. ಗಂಡು ಹೆಣ್ಣು ಎದೆಗೆದೆ ತಾಗಿಸಿ ನಿಂತದ್ದೇ ಅವ್ವ ತಲೆ ತಗ್ಗಿಸಿ ಬ್ರೆಡ್ಡು ಮುರಿಯತೊಡಗಿದಳು. ಆದರೆ ಹುಡುಗಿಯ ಕಾಲು ಅವನ ಕಾಲುಗಳ ಸಂದಿಯಲ್ಲಿ ಸರಕ್ಕನೆ ಸುಳಿದು ಬಂದಾಗ ತಲೆ ಎತ್ತಿದವಳು ಮತ್ತೆ ತಗ್ಗಿಸಲಿಲ್ಲ.

"ಯವ್ವಾ, ಎಂಥಾ ಕಾಲು ಕೊಟ್ಟಾನ ದೇವರು ಇಕಿಗೆ! ನೆಲಾನ ಮುಟ್ಟಂಗಿಲ್ಲಲ್ಲ!"

"ಅವ್ವಾ, ಮೆಲ್ಲಕ" ಎಂದು ಗದರಿದೆ.

ಕುಣಿತ ಮುಗಿಸಿ ಇಬ್ಬರೂ ಮೇಜಿನಿಂದ ಮೇಜಿಗೆ ಬಂದು ಮಾತನಾಡಿಸಿದರು. ಹುಡುಗಿ ನಮ್ಮ ಹತ್ತಿರ ಬಂದದ್ದೇ ತಡ, ಅವ್ವ ಎದ್ದು ನಿಂತಳು. ಎರಡೂ ಅಂಗೈಗಳಿಂದ ಅವಳ ಬೆವತ ಕೆನ್ನೆ ನೀವಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. ಇಷ್ಟು ಜನರ ಕಣ್ಣು ಬಿದ್ದ ಮೇಲೆ ದೃಷ್ಟಿ ತೆಗೆಯದೆ ಬಿಡುವುದುಂಟೆ? ಹುಡುಗಿ ಬೆರಗಾಗಿ ನಿಂತಳು.

"ವಾಟ್ ವಾಸ್ ದಟ್?" ಎಂದ ಮ್ಯಾನೇಜರು. ಪಾಪ, ಕುತೂಹಲದಿಂದ ಕೇಳಿದ. ಎರಡು ಮಾತಿನಲ್ಲಿ ಹೇಳಬಹುದಿತ್ತು. ಎಲುಬಿಲ್ಲದ ನಾಲಿಗೆ ನೋಡಿ, "ಸಾರಿ, ಶಿ ಗೆಟ್ಸ್ ಕನ್‌ಫ್ಯೂಸ್ಡ್" ಎಂದಿತು. ಅಲ್ಲಿಗೂ ನಿಲ್ಲಲಿಲ್ಲ. ವಯಸ್ಸಾಯಿತು, ಇತ್ತೀಚೆಗೆ ನೆನಪು ಹೋಗುತ್ತಿದೆ ಎಂದೂ ಸೇರಿಸಿದೆ. ಇಡೀ ಓಣಿಯ ಮಕ್ಕಳು ಹುಟ್ಟಿದ ವಾರ, ನಕ್ಷತ್ರ ಬಾಯಲ್ಲಿಟ್ಟುಕೊಂಡಿದ್ದ ಹೆಂಗಸಿನ ಬಗ್ಗೆ!

ಆಮೇಲೆ ಎಲ್ಲರೂ ಅವ್ವನ ಸೇವೆಗೆ ನಿಂತರು. ಹುಡುಗಿ ಮೊಣಕೈ ಹಿಡಿದು ಕೂರಿಸಿದಳು. ಮ್ಯಾನೇಜರನ ಹೆಂಡತಿ ಅವ್ವನ ತಟ್ಟೆಯ ತರಕಾರಿ ಕತ್ತರಿಸಿ ಕೊಟ್ಟು, ಕೂಸಿನೊಂದಿಗೆ ಮಾತಾಡುವಂತೆ ನಿಧಾನವಾಗಿ ಮಾತಾಡಿದಳು. ಅವ್ವನ ಮುಖ ಅರಳಿಹೋಗಿತ್ತು.

"ಎಷ್ಟ ಛಲೋ ಮಂದಿ! ನಿನಗ ಆಫೀಸಿನಾಗ ಭಾಳ ಕಿಮ್ಮತ್ ಐತಿ, ಅದಕ್ಕ ನನಗೂ ಇಷ್ಟು ಮರ್ಯಾದಿ."

ನಾನು "ಹೂಂ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ವಾರದೊಳಗೆ ಮ್ಯಾನೇಜರನ ಹೆಂಡತಿ ಹೂಗುಚ್ಛದ ಜೊತೆ ಒಂದು ಕಾರ್ಡು ಕಳಿಸಿದಳು. ನೆನಪು ಮಾಸುತ್ತಿರುವ ತಾಯಿಯನ್ನು ಸಂಕೋಚಪಡದೆ ನಾಲ್ಕು ಜನರ ನಡುವೆ ಕರೆತಂದೆಯಲ್ಲ, ನಿನ್ನ ಮನಸ್ಸು ದೊಡ್ಡದು ಎಂದು ಬರೆದಿದ್ದಳು.

"ಏನು ಬರದಾರ?" ಎಂದಳು ಅವ್ವ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

"ನೀ ಬಂದದ್ದು ಭಾಳ ಸಂತೋಷ ಆತು ಅಂತ."

ಅವ್ವ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಸೀರೆಗಳ ನಡುವೆ ಇಟ್ಟಳು. "ಊರಾಗ ಬಾಜೂಮನಿ ಟೀಚರ್ ಕಡೆ ಓದಸ್ತೀನಿ. ಓಣ್ಯಾಗಿನ ಮಂದಿ ಕೇಳಲಿ." ಅವಳು ಹೊರಡುವವರೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಒಂದು ದಿನ ಎತ್ತಿ ಬಿಸಾಡಬಹುದಿತ್ತು. ಎರಡು ಸಲ ಪೆಟ್ಟಿಗೆ ತೆರೆದೆ, ಅವಳ ಸೀರೆಗಳನ್ನು ಕೆದಕಲು ಕೈ ಬರಲಿಲ್ಲ. ನಿಜ ಹೇಳಿಬಿಡುವ ಧೈರ್ಯವೂ ಬರಲಿಲ್ಲ.

ಊರು ಮುಟ್ಟಿದ ಮೇಲೆ ಮೊದಲೆರಡು ವಾರ ಫೋನಿನಲ್ಲಿ ಕೂಸಿನದೇ ಮಾತು. ಮೂರನೆಯ ವಾರ, ಟೀಚರ್ ಕಾರ್ಡು ಓದಿ ಹೇಳಿದರೆಂದಷ್ಟೇ ತಿಳಿಸಿ, ನಾನು ಕೇಳದೆಯೇ ಶುರುಮಾಡಿದಳು.

"ಆ ಕುಣಿಯಾಕಿ ಕೆಂಪು ಲಂಗಾ ಹಾಕಿದ್ಲು, ಬಲಗಡೆ ಸೀಳಿತ್ತು. ನಮ್ಮ ಮೇಜಿನ ಮ್ಯಾಲೆ ಎರಡು ಮೇಣಬತ್ತಿ. ನೀ ನನ್ನ ಎಡಕ್ಕ ಕುಂತಿದ್ದಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವ್ವನೇ ಮಾತು ಮುಗಿಸಿದಳು.

"ಎಲ್ಲಾ ನೆನಪೈತವಾ ನನಗ."