ಅತ್ತಿಗೆಯ ಅಂಟುವಾಳದ ನೀರು

ಅತ್ತಿಗೆಯ ಬೆರಳುಗಳು ಆ ಸಂಜೆ ಕಪ್ಪಾಗಿದ್ದವು. ಬೆಳಗ್ಗೆಯಿಂದ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಅದರ ಅಂಟು ಉಗುರಿನ ಸಂದಿಗೂ ಇಳಿದಿತ್ತು. ಹುಣಸೂರು ಕಡೆಯ ಗುರುಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವರು ಕೈಗೆ ಹೊಂಗೆ ಎಣ್ಣೆ ಸವರಿಕೊಂಡು ನಿಧಾನವಾಗಿ ಉಜ್ಜುತ್ತಿದ್ದರು. ನಾನು ಸೋಪು ಹಾಕಿ ಹಾಕಿ ಸೋತಿದ್ದೆ.

"ಬರೀ ನೀರಿಗೆ ಬಗ್ಗಲ್ಲ ಕಣೆ ಇದು. ಅಂಟಿಗೆ ಎಣ್ಣೆನೇ ನೆಂಟ. ಮೊದ್ಲು ಎಣ್ಣೆ ಜೊತೆ ಕಳ್ಸು, ಆಮೇಲೆ ಎಣ್ಣೆನ ಅಂಟುವಾಳ ಕರ್ಕೊಂಡೋಯ್ತದೆ," ಎಂದು ನನ್ನ ಅಂಗೈಗೂ ಎರಡು ತೊಟ್ಟು ಬಿಟ್ಟರು.

ಗೌರಿ ಹಬ್ಬಕ್ಕೆ ಎರಡು ದಿನವಿತ್ತು. ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಅದು.

ಅವರು ನನ್ನ ಅಣ್ಣನ ಹೆಂಡತಿ. ಸಾಲಿಗ್ರಾಮದ ಕಡೆಯವರು. ಬಿಎಸ್ಸಿ ಓದಿ, ಮದುವೆಯಾಗಿ ಹೊಗೆಸೊಪ್ಪು ಬೆಳೆಯುವ ಮನೆಗೆ ಬಂದರು. ನಾನು ಎಸ್ಸೆಸ್ಸೆಲ್ಸಿಗೇ ನಿಂತವಳು. ಅಂಗಡಿಯ ಸೋಪಿನ ಪುಡಿ ಬಚ್ಚಲಿನಿಂದ ನೇರ ಕೆರೆಗೆ ಹೋಗುತ್ತದೆ, ಅದೇ ಕೆರೆಯಲ್ಲಿ ನಮ್ಮ ದನ ನೀರು ಕುಡಿಯುತ್ತವೆ ಎಂದು ಅವರು ಬಂದ ವರ್ಷವೇ ಪಾತ್ರೆಗೂ ಬಟ್ಟೆಗೂ ಅಂಟುವಾಳ ಬೇಯಿಸತೊಡಗಿದರು. ಹಿತ್ತಾಳೆಗೆ ಹುಣಸೆಹಣ್ಣು, ತಳ ಹಿಡಿದ ಪಾತ್ರೆಗೆ ಬೂದಿ. ಅಂಟುವಾಳದ ರಸ ಒಂದು ಕೈಯಲ್ಲಿ ಜಿಡ್ಡನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿಯುತ್ತದೆ ಎಂದು ಬೀದಿಯ ಹೆಂಗಸರಿಗೆ ತಮ್ಮ ಎರಡು ಕೈ ಚಾಚಿ ತೋರಿಸುತ್ತಿದ್ದರು.

ಅವ್ವನಿಗೆ ಮಾತ್ರ ನೊರೆ ಬೇಕು. ಯಾರೋ ಹೇಳಿದರೆಂದು ಅಡುಗೆ ಸೋಡಕ್ಕೆ ನಿಂಬೆಹಣ್ಣು ಹಿಂಡಿ, ಬುಸಬುಸನೆ ಉಕ್ಕಿದ್ದನ್ನು ಸೊಸೆಗೆ ತೋರಿಸಿದಳು. ಅತ್ತಿಗೆ ನಕ್ಕರು. "ನೊರೆ ನಂಬ್ಬೇಡಿ ಅತ್ತೆ. ಸೋಡನ ಹುಳಿ ತಿಂತು, ಹುಳಿನ ಸೋಡ ತಿಂತು. ಉಳ್ದಿದ್ದು ಉಪ್ಪುನೀರಿನಂಗಿರೋದು."

"ಓದಿರೋ ಸೊಸೆ ತಂದಿದ್ಕೆ ಪಾತ್ರೆ ಉಜ್ಜಕ್ಕೂ ಪಾಠ ಕಣವ್ವ ನಮ್ಮನೇಲಿ," ಎಂದು ಅವ್ವ ಬೀದಿಗೆ ಕೇಳುವಂತೆ ಹೇಳಿದಳು. ಹೇಳಿದರೂ ಆಮೇಲೆ ಎರಡನ್ನೂ ಬೇರೆಬೇರೆಯಾಗಿಯೇ ಬಳಸಿದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಬಚ್ಚಲುಮನೆ ತೊಳೆಯಲು ಹೋದೆ. ಪಾಚಿ ಕಟ್ಟಿದ್ದ ಕಲ್ಲಿನ ಮೇಲೆ ಪಂಚಾಯಿತಿಯವರು ಕೊಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಸುರಿದೆ. ಅದರ ಜೊತೆ ಆಸಿಡ್ ಸೇರಿಸಬಾರದು ಎಂದು ಅತ್ತಿಗೆ ಹೇಳಿದ್ದರು. ಆಸಿಡ್ ಎಂದರೆ ನನಗೆ ಅಂಗಡಿಯ ಸೀಸೆ. ಹಬ್ಬದ ಹಿತ್ತಾಳೆ ಉಜ್ಜಿ ಉಳಿದ ಗಟ್ಟಿ ಹುಣಸೆ ರಸ ಒಂದು ಬೋಗುಣಿಯಷ್ಟಿತ್ತು. ಸಾರಿಗೆ ಹಾಕುವ ಪದಾರ್ಥ, ಅದೇನು ಮಾಡೀತು ಎಂದುಕೊಂಡು ಆ ಪುಡಿಯ ಮೇಲೆ ಸುರಿದು ಪೊರಕೆಯಲ್ಲಿ ಉಜ್ಜಿದೆ.

ಘಾಟು ಎದ್ದು ಗಂಟಲು ಹಿಡಿಯಿತು. ಕಣ್ಣು ಬಿಡಲಾಗಲಿಲ್ಲ. ಬಾಗಿಲು ಯಾವ ಕಡೆ ಇದೆ ಎಂಬುದೇ ತಿಳಿಯಲಿಲ್ಲ. ಅತ್ತಿಗೆ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದರು. ಬಚ್ಚಲಿಗೆ ಹೊಂದಿಕೊಂಡ ಕೋಣೆಯಲ್ಲಿ ಅವ್ವ ಮಲಗಿದ್ದಳು. ಅವಳನ್ನೂ ಎಬ್ಬಿಸಿ ಹೊರಗೆ ಕಳಿಸಿ, ಮೂಗಿಗೆ ಸೆರಗು ಒತ್ತಿಕೊಂಡು ಮತ್ತೆ ಒಳಗೆ ಹೋಗಿ ಕೊಡಗಟ್ಟಲೆ ನೀರು ಸುರಿದರು. ಅವರಿಗೆ ಮೊದಲೇ ಉಬ್ಬಸವಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ಏನು ಕಲಸಿದಿರಿ ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, ಉಸಿರಿಗೆ ತಡಕಾಡುತ್ತಲೇ, "ನಾನೇ ಕಲಸ್ದೆ" ಎಂದರು. ಅವ್ವನೂ ಅಣ್ಣನೂ ಅಲ್ಲೇ ನಿಂತಿದ್ದರು.

ನಾನು ಎರಡೇ ದಿನಕ್ಕೆ ಮನೆಗೆ ಬಂದೆ. ಅವರು ಬಂದಾಗ ಹಬ್ಬ ಮುಗಿದು ಬಹಳ ದಿನವಾಗಿತ್ತು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಹುಣಸೆಹಣ್ಣಲ್ಲೂ ಆಸಿಡ್ ಅದೆ ಅಂತ ನಾನು ನಿಂಗೆ ಹೇಳೇ ಇರ್ನಿಲ್ಲ. ಅಡುಗೆಮನೆದು ಏನೂ ಮಾಡಲ್ಲ ಅಂತ ನಂಬ್ಸಿದ್ದೇ ನಾನು. ಸುಮ್ನಿರು ನೀನು."

ನಾನು ಸುಮ್ಮನಿದ್ದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಬಿಎಸ್ಸಿ ಓದಿದವಳೇ ವಿಷ ಕಲಸಿದಳು ಎಂದು ಬೀದಿಯವರು ಆಡಿಕೊಂಡರು. ಅಂಟುವಾಳ ಕೇಳಿಕೊಂಡು ಬರುತ್ತಿದ್ದ ಹೆಂಗಸರು ನಿಂತುಹೋದರು. ಅವ್ವ ಅತ್ತಿಗೆಯ ಕೆಮ್ಮು ಕೇಳಿಸಿದಾಗಲೆಲ್ಲ ಒಂದು ಮಾತು ಎಸೆಯುತ್ತಿದ್ದಳು. ಅತ್ತಿಗೆ ನನ್ನತ್ತ ನೋಡುತ್ತಲೂ ಇರಲಿಲ್ಲ, ನೋಡಿದರೆ ನಾನೆಲ್ಲಿ ಹೇಳಿಬಿಡುತ್ತೇನೋ ಎಂಬಂತೆ. ಆ ವರ್ಷ ಹೊಗೆಸೊಪ್ಪಿನ ಹತ್ತಿರ ಅವರನ್ನು ಯಾರೂ ಬಿಡಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಶ್ವಾಸಕೋಶ ಮೊದಲೇ ಹಾಳಾಗಿತ್ತು, ಇದೊಂದೇ ಕಾರಣ ಎನ್ನಲಾಗದು ಎಂದರು ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ನನ್ನಿಂದ ಆಗಿಲ್ಲ.

ತಿಥಿಯ ದಿನ ನೆಂಟರೆಲ್ಲ ಕೂತಿದ್ದಾಗ ನಡೆದದ್ದನ್ನು ಹೇಳಿದೆ. ಅಣ್ಣ ಎದ್ದು ಹೊಲದ ಕಡೆ ಹೋದ. ಅವ್ವ, "ಇಷ್ಟ್ ದಿನ ನನ್ ಬಾಯಲ್ಲಿ ಅವಳ್ನ ಅನ್ನುಸ್ಬುಟ್ಟಲ್ಲೇ," ಎಂದಳು. ಬೈದಿದ್ದರೆ ಸಹಿಸಬಹುದಿತ್ತು.

ಆಮೇಲೆ ಬೀದಿಯ ಒಂದೊಂದು ಮನೆಗೂ ಹೋಗಿ ಹೇಳಿದೆ. ಈಗ ಹೆಂಗಸರು ಮತ್ತೆ ಬರುತ್ತಾರೆ. ಯಾವುದಕ್ಕೆ ಯಾವುದನ್ನು ಸೇರಿಸಬಾರದು ಎಂದು ನಾನು ಮೊದಲು ಹೇಳುತ್ತೇನೆ, ಆಮೇಲೆ ಅಂಟುವಾಳ ಕೊಡುತ್ತೇನೆ. ಮೊನ್ನೆ ಪಕ್ಕದ ಮನೆಯವರು, ಬೇಯಿಸಿಟ್ಟ ನೀರು ಮೂರು ದಿನಕ್ಕೇ ಹುಳಿ ವಾಸನೆ ಬರುತ್ತದೆ, ಏಕೆ ಎಂದು ಕೇಳಿದರು. ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅತ್ತಿಗೆ ಇಲ್ಲ.