ನೆವಿಲ್ ಸಗ್ಡನ್‌ನ ಎರಡು ವೇಪುಗಳು

ನೆವಿಲ್ ಸಗ್ಡನ್ ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟು ನೆಲದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತರೂ ಅವನಿಗೆ ಆ ದಿನದ ಊಟ ರುಚಿಸುತ್ತಿರಲಿಲ್ಲವಂತೆ. ನಿವೃತ್ತನಾದ ಮೇಲೆ ಸರಿಮಾಡಲು ಲಿಫ್ಟುಗಳಿಲ್ಲದೆ ಊರಿನವರ ಸಾಮಾನುಗಳ ಮೇಲೆ ಕಣ್ಣು ಹಾಕಿದ. ನಮ್ಮ ಆಕ್ಸ್‌ಲೀಯಲ್ಲಿ ಅವನು ಬಿಚ್ಚಿ ನೋಡದ ಕೆಟಲ್ ಇಲ್ಲ, ಟೋಸ್ಟರ್ ಇಲ್ಲ. ನನ್ನ ಹೊಲಿಗೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಡುತ್ತೇನೆಂದು ಒಯ್ದವನು ಹದಿನೇಳು ದಿನ ಇಟ್ಟುಕೊಂಡ. ವಾಪಸು ಬಂದಾಗ ಚೆನ್ನಾಗಿಯೇ ಓಡುತ್ತಿತ್ತು. ಹೋಗುವಾಗಲೂ ಚೆನ್ನಾಗಿಯೇ ಓಡುತ್ತಿತ್ತು.

ಅವನಿಗೆ ಎರಡು ಚಟ. ಒಂದು ಸಿಗರೇಟು, ದಿನಕ್ಕೆ ಮೂವತ್ತು. ಇನ್ನೊಂದು ಚರ್ಚಿನ ಗಂಟೆ. ನಮ್ಮ ಗೋಪುರದಲ್ಲಿ ಎಂಟು ಗಂಟೆಗಳು, ಒಬ್ಬೊಬ್ಬರಿಗೆ ಒಂದೊಂದು ಹಗ್ಗ. ಮೂರನೆಯದು ನನ್ನದು. ಎಲ್ಲಕ್ಕಿಂತ ಭಾರದ್ದು ನೆವಿಲ್‌ನದು. ಉಳಿದ ಏಳು ಗಂಟೆಗಳು ಪ್ರತಿ ಸರದಿಯಲ್ಲೂ ಹಿಂದುಮುಂದಾಗುತ್ತ ಹೋಗುತ್ತವೆ. ಅವನದು ಮಾತ್ರ ಎಲ್ಲರ ಕೊನೆಗೆ ಬಂದು ಬೀಳುತ್ತದೆ. ಭಾನುವಾರದ ಪ್ರಾರ್ಥನೆಗೆ ಅರ್ಧ ತಾಸು ಬಾರಿಸಿದರೆ ಸಾಕು. ಆದರೆ ಪೀಲ್ ಬಾರಿಸುವುದೆಂದರೆ ಐದು ಸಾವಿರದ ನಲವತ್ತು ಸರದಿ, ಒಂದರಂತೆ ಇನ್ನೊಂದಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ಸುಮಾರು ಮೂರು ತಾಸು. ಆ ಮೂರು ತಾಸು ನೀರಿಲ್ಲ, ಮೂಗು ಒರೆಸಿಕೊಳ್ಳಲು ಕೈಯೂ ಬಿಡುವಿಲ್ಲ. ಒಬ್ಬರು ಕೈಬಿಟ್ಟರೆ ಎಂಟೂ ಜನರ ದುಡಿಮೆ ನೀರುಪಾಲು.

ಎರಡು ವರ್ಷದ ಹಿಂದೆ ಹಾಗೆಯೇ ಆಯಿತು. ಒಂದು ತಾಸು ಐವತ್ತು ನಿಮಿಷಕ್ಕೆ ನೆವಿಲ್‌ಗೆ ಕೆಮ್ಮು ಹತ್ತಿತು. ಮುಖ ಬೀಟ್‌ರೂಟಿನಂತಾಯಿತು, ಕಣ್ಣಲ್ಲಿ ನೀರು, ಹಗ್ಗ ಕೈತಪ್ಪಿತು. ನಮ್ಮ ಗೋಪುರದ ಮುಖ್ಯಸ್ಥೆ ಡೊರೀನ್ ಆಕ್ರಾಯ್ಡ್ "ನಿಲ್ಲಿಸಿ" ಎಂದಳು, ಅಷ್ಟೇ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಆದರೆ ಆಮೇಲೆ ಅವಳು ಅವನನ್ನು ಭಾನುವಾರಕ್ಕೆ ಮಾತ್ರ ಕರೆಯತೊಡಗಿದಳು.

ಈ ವರ್ಷ ಫೆಬ್ರವರಿಯಲ್ಲಿ ಡೊರೀನ್ ನಮ್ಮನ್ನೆಲ್ಲ ಗೋಪುರದಲ್ಲಿ ಸೇರಿಸಿದಳು. ಅವಳಿಗೆ ಎಪ್ಪತ್ತೆಂಟು. ಬಲ ಭುಜದ ಕೀಲು ಸವೆದಿದೆ, ಜೂನ್‌ನಲ್ಲಿ ಆಪರೇಷನ್, ಆಮೇಲೆ ಹಗ್ಗ ಮುಟ್ಟುವಂತಿಲ್ಲ. ಅದಕ್ಕೆ ಮೊದಲು, ಮೇ ತಿಂಗಳಲ್ಲಿ, ತನ್ನ ಕೊನೆಯ ಪೀಲ್ ಬಾರಿಸಬೇಕು. ಭಾರದ ಗಂಟೆಗೆ ಪಕ್ಕದ ಊರಿನಿಂದ ಯಾರನ್ನಾದರೂ ಕರೆಸುತ್ತೇನೆ ಎಂದಳು.

ನೆವಿಲ್ ಧಿಗ್ಗನೆ ಎದ್ದ. "ಪಕ್ಕದೂರವನಾ? ಯಾಕೆ, ನಾನೇನು ಸತ್ತಿದ್ದೀನಾ?"

"ಸತ್ತಿಲ್ಲ ಕಣೋ, ಕೆಮ್ತಾ ಇದ್ದೀಯ. ಮೇ ಹೊತ್ತಿಗೆ ಸಿಗರೇಟು ಬಿಟ್ಟಿದ್ರೆ ಹಗ್ಗ ನಿಂದು. ಇಲ್ದಿದ್ರೆ ಇಲ್ಲ."

ಮರುದಿನ ಬೆಳಿಗ್ಗೆ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಹೊರಗೆ ನಿಂತಿದ್ದ. ಸಿಗರೇಟು ಬಿಡುವವರಿಗೆ ವೇಪ್, ಅಂದರೆ ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಮಾಡುವ ಯಂತ್ರ, ಕೊಟ್ಟು, ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವುದು ಅಲ್ಲಿ ನನ್ನ ಪಾಲಿನ ಕೆಲಸ. ಬೆರಳುದ್ದದ ಒಂದು ವೇಪನ್ನು ಕೌಂಟರಿನ ಮೇಲಿಟ್ಟೆ. ಗುಂಡಿ ಇಲ್ಲ, ಪರದೆ ಇಲ್ಲ. ಬಾಯಿಗಿಟ್ಟು ಎಳೆದರೆ ಆವಿ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ.

ನೆವಿಲ್ ಕನ್ನಡಕ ಏರಿಸಿ ತಿರುತಿರುಗಿಸಿ ನೋಡಿದ. "ಸ್ಕ್ರೂ ಎಲ್ಲಿದೆ ಇದಕ್ಕೆ?"

"ಇಲ್ಲ."

"ಮತ್ತೆ ಬಿಚ್ಚೋದು ಹೇಗೆ?"

"ಬಿಚ್ಚೋಕಲ್ಲ ಮಾರಾಯ, ಸೇದೋಕೆ."

"ಗ್ಲೆನಿಸ್, ಅಳೋ ಮಗು ಬಾಯಿಗೆ ಇಡ್ತಾರಲ್ಲ, ಹಾಗಿದೆ ಇದು. ನನ್ನ ವಯಸ್ಸಿಗೆ ಮರ್ಯಾದೆ ಕೊಡು ಸ್ವಲ್ಪ."

ಮೊದಲ ಸಲದವರಿಗೆ ಇದೇ ಸುಲಭ, ತಲೆ ಕೆಡಿಸಿಕೊಳ್ಳುವುದೇನೂ ಇರುವುದಿಲ್ಲ ಎಂದು ಹೇಳಿದೆ. ಯಾರಿಗೆ ಹೇಳಿದೆನೋ! ನಾನು ಕೊಟ್ಟದ್ದನ್ನು ಅಲ್ಲೇ ಬಿಟ್ಟು ಹೋಗಿ, ಬಸ್ ನಿಲ್ದಾಣದ ಪಕ್ಕದ ವೇಪ್ ಅಂಗಡಿಯಿಂದ ಅವನು ಮುಷ್ಟಿ ಗಾತ್ರದ ಇನ್ನೊಂದನ್ನು ತಂದ. ಬಣ್ಣದ ಪರದೆ, ಎಂಬತ್ತು ವಾಟಿನವರೆಗೆ ಏರಿಸುವ ಇಳಿಸುವ ಗುಂಡಿ, ಗಾಳಿ ಹೆಚ್ಚು ಕಡಿಮೆ ಮಾಡುವ ಬಳೆ, ದ್ರವ ಕಾಯಿಸುವ, ಬದಲಾಯಿಸಬಹುದಾದ ಕಾಯಿಲ್, ದಿನಕ್ಕೆ ಎಷ್ಟು ಸಲ ಎಳೆದೆ ಎಂಬ ಲೆಕ್ಕ ಬೇರೆ. ಅದರ ಕೈಪಿಡಿಯನ್ನು ಎರಡು ಸಲ ಓದಿದನಂತೆ. "ನನ್ನ ಕಾಗದಾನ ಒಂದು ಸಲಾನೂ ಪೂರ್ತಿ ಓದಿದವನಲ್ಲ," ಎಂದಳು ಅವನ ಹೆಂಡತಿ ಬೆರಿಲ್.

ಅಷ್ಟು ಓದಿಯೂ ಎಡವಿದ. ಸಣ್ಣ ವೇಪಿನಲ್ಲಿ ಆವಿ ಕಡಿಮೆ, ಅದಕ್ಕೆ ನಿಕೋಟಿನ್ ಗಟ್ಟಿಯಾಗಿರುವ ದ್ರವ ಬೇಕು. ದೊಡ್ಡದು ಮೋಡದಂತೆ ಆವಿ ಉಗುಳುತ್ತದೆ, ಅದಕ್ಕೆ ತೆಳುವಾದದ್ದೇ ಸಾಕು. ನೆವಿಲ್ ದೊಡ್ಡದಕ್ಕೆ ಗಟ್ಟಿಯಾದದ್ದನ್ನೇ ಸುರಿದ, ಬೇಗ ಗುಣವಾಗಲಿ ಎಂದು. ಮಂಗಳವಾರದ ಅಭ್ಯಾಸಕ್ಕೆ ಮೊದಲು ಚರ್ಚಿನ ಅಂಗಳದಲ್ಲಿ ನಾಲ್ಕು ಸಲ ಎಳೆದು, ಮೆಟ್ಟಿಲು ಹತ್ತಿ ಬಂದು, ಎಲೆಕೋಸಿನ ಬಣ್ಣಕ್ಕೆ ತಿರುಗಿ ನೆಲದ ಮೇಲೆ ಮಲಗಿಬಿಟ್ಟ. ಮಲಗಿದಲ್ಲೇ ಬಿಕ್ಕಳಿಕೆ.

ಡೊರೀನ್ ಅವನ ಪಕ್ಕದಿಂದ ಸುತ್ತು ಹಾಕಿ ತನ್ನ ಹಗ್ಗದ ಹತ್ತಿರ ಹೋದಳು. "ಯಾರೂ ತುಳೀಬೇಡಿ ಅವನನ್ನ. ಇವತ್ತು ಏಳು ಜನವೇ ಬಾರಿಸೋಣ."

ದ್ರವವೇನೋ ಬದಲಾಯಿತು. ಆಮೇಲೆ ಶುರುವಾದದ್ದು ಅಂಕಿಗಳ ಕಾಟ. ಬೆಳಗಿನ ಚಹಾಕ್ಕೆ ಮೂವತ್ತೆರಡು ವಾಟ್, ಊಟದ ಮೇಲೆ ನಲವತ್ತೊಂದು, ಪಬ್ಬಿನಲ್ಲಿ ಗಾಳಿ ಅರ್ಧ ಮುಚ್ಚಿ ಮೂವತ್ತಾರು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ಹಿಡಿದು ನಿಲ್ಲಿಸಿಯೂ ಹೇಳುತ್ತಿದ್ದ. ಮೂರನೆಯ ವಾರ ಅಂಗಡಿಗೆ ಬಂದಾಗ ಉಸಿರಿನಲ್ಲಿ ಸಿಗರೇಟಿನ ಹೊಗೆಯ ಅನಿಲ ಎಷ್ಟಿದೆಯೆಂದು ಅಳೆಯುವ ಯಂತ್ರ ಮುಂದಿಟ್ಟು "ಊದು" ಎಂದೆ. ಹದಿನೇಳು ಬಂತು. ಸಿಗರೇಟು ಬಿಟ್ಟವರಿಗೆ ಐದು ದಾಟುವುದಿಲ್ಲ.

"ಯಂತ್ರ ಕೆಟ್ಟಿರಬೇಕು," ಎಂದ. "ಕೊಡು, ನೋಡ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ. ಎಷ್ಟು ಸೇದಿದೆ, ನಿಜ ಹೇಳು."

ಹೇಳಿದ. ದಿನಕ್ಕೆ ಐದಾರು. ಗಂಟೆ ಬಾರಿಸುವ ನಮ್ಮ ಬ್ಯಾರಿ ಇದ್ದಾನಲ್ಲ, ಮಾಂಸದಂಗಡಿಯವನು, ಅವನ ಪ್ಯಾಕೆಟ್ಟಿನಿಂದ. ಯಾಕೆಂದರೆ ಚಟ ಕಾಡುವ ಹೊತ್ತಿಗೆ ಸರಿಯಾಗಿ ವೇಪು ಅಡುಗೆಮನೆಯ ಮೇಜಿನ ಮೇಲೆ ತುಂಡು ತುಂಡಾಗಿ ಬಿದ್ದಿರುತ್ತಿತ್ತು. ಕಾಯಿಲ್ ಒಂದು ಕಡೆ, ಬಳೆ ಒಂದು ಕಡೆ. "ರಿಪೇರಿ ಮುಗಿಯೋವರೆಗೆ ಅಂತ ಒಂದು ಸೇದ್ದೆ," ಎಂದ. ರಿಪೇರಿ ಯಾವತ್ತೂ ಮುಗಿಯುತ್ತಿರಲಿಲ್ಲ.

ನನಗೆ ಮೈ ಉರಿಯಿತು. ಅಂಥ ದೊಡ್ಡ ವೇಪಿನಿಂದಲೇ ಸಿಗರೇಟು ಬಿಟ್ಟವರನ್ನು ನಾನು ಕಂಡಿದ್ದೇನೆ. ತಮ್ಮ ಗಂಟಲಿಗೆ ಒಪ್ಪುವಂತೆ ಒಮ್ಮೆ ಹೊಂದಿಸಿಕೊಂಡು ಸುಮ್ಮನಿರುತ್ತಾರೆ. ಸುಮ್ಮನಿರುವುದು ನೆವಿಲ್‌ನ ಜಾತಕದಲ್ಲಿಲ್ಲ. ಸಣ್ಣದನ್ನು ಮತ್ತೆ ಕೌಂಟರಿನ ಮೇಲಿಟ್ಟೆ.

ಅವನು ಅದನ್ನು ಬೆರಳಿನಿಂದ ಉರುಳಿಸಿದ. "ಇದರಲ್ಲಿ ನಾನು ಮಾಡೋದು ಏನೂ ಇಲ್ವಲ್ಲ ಗ್ಲೆನಿಸ್. ಸಿಗರೇಟಾದ್ರೆ ಕಡ್ಡಿ ಗೀರೋದಿತ್ತು, ಬೂದಿ ಕೊಡವೋದಿತ್ತು. ಕೆಲಸ ಬಿಟ್ಟ ಮೇಲೆ ಈ ಕೈ ಇಟ್ಕೊಂಡು ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ನನಗೆ."

ಅವನು ತಮಾಷೆಗೆ ಹೇಳಿರಲಿಲ್ಲ. ನನಗೆ ಪಾಪ ಅನ್ನಿಸಿತು, ಸಣ್ಣ ವೇಪನ್ನು ಅವನ ಜೇಬಿಗೆ ಹಾಕಿ ಕಳಿಸಿದೆ. ದಾರಿ ಕಂಡುಹಿಡಿದವಳು ಬೆರಿಲ್. ದೊಡ್ಡ ವೇಪಿನ ದ್ರವವನ್ನೆಲ್ಲ ಚೆಲ್ಲಿ, ತೊಳೆದು ಒಣಗಿಸಿ, ಎರಡನ್ನೂ ಅವನ ಮುಂದಿಟ್ಟಳು. "ಇದನ್ನ ಬಿಚ್ಚು. ಅದನ್ನ ಸೇದು. ಒಂದರ ಕೆಲಸ ಇನ್ನೊಂದಕ್ಕೆ ಹೇಳಬೇಡ."

ನಂಬಿ, ಅಷ್ಟರಿಂದಲೇ ಆಯಿತು. ಕೈಗೆ ಬಿಚ್ಚಲು ದೊಡ್ಡದು, ಬಾಯಿಗೆ ಸಣ್ಣದು. ಪಬ್ಬಿನಲ್ಲಿ ಖಾಲಿ ಯಂತ್ರವನ್ನು ಜೋಡಿಸುತ್ತ ಕೂತ ಅವನನ್ನು ನೋಡಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಏಪ್ರಿಲ್ ಕೊನೆಯಲ್ಲಿ ಊದಿದಾಗ ಎರಡು ಬಂತು. ಡೊರೀನ್‌ಗೆ ನಾನೇ ಫೋನ್ ಮಾಡಿದೆ. "ಎರಡಾ? ಇನ್ನೊಂದ್ಸಲ ಊದಿಸು," ಎಂದಳು. ಊದಿಸಿದೆ. ಆಗಲೂ ಎರಡೇ.

ಮೇ ತಿಂಗಳ ಮೂರನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆವು. ಡೊರೀನ್ ಏಳನೆಯ ಹಗ್ಗದಲ್ಲಿ, ಅವಳ ಪಕ್ಕದಲ್ಲಿ ನೆವಿಲ್. ಮೊದಲ ತಾಸು ಕಳೆಯಿತು. ಒಂದು ತಾಸು ಐವತ್ತು ನಿಮಿಷವಾದಾಗ ಎಲ್ಲರ ಕಿವಿಯೂ ಅವನ ಎದೆಯ ಕಡೆಗೇ ಇತ್ತು. ಅವನು ಬೆವರುತ್ತಿದ್ದ, ಆದರೆ ಉಸಿರು ನೇರವಾಗಿ ಬರುತ್ತಿತ್ತು, ಗಂಟೆ ತನ್ನ ಜಾಗಕ್ಕೇ ಬೀಳುತ್ತಿತ್ತು. ಎರಡು ತಾಸು ದಾಟಿತು. ಆಯಿತು, ಗೆದ್ದೆವು ಎಂದುಕೊಂಡೆ.

ಎರಡು ತಾಸು ಇಪ್ಪತ್ತೈದು ನಿಮಿಷಕ್ಕೆ ಏಳನೆಯ ಗಂಟೆ ತಡವಾಯಿತು. ಮುಂದಿನ ಸರದಿಯಲ್ಲಿ ಇನ್ನೂ ತಡ. ಡೊರೀನ್‌ಳ ಬಲಗೈ ಮೇಲೇಳುತ್ತಿರಲಿಲ್ಲ. ಎಡಗೈಯೊಂದರಲ್ಲೇ ಮೂರು ಸಲ ಎಳೆದಳು. ಆಮೇಲೆ "ನಿಲ್ಲಿಸಿ" ಎಂದಳು.

ಗಂಟೆಗಳು ಒಂದೊಂದಾಗಿ ನಿಂತವು. ಡೊರೀನ್ ಗೋಡೆಯ ಬೆಂಚಿಗೆ ಹೋಗಿ ಕೂತಳು, ಬಲಗೈಯನ್ನು ತೊಡೆಯ ಮೇಲೆ ಯಾರದೋ ಸಾಮಾನು ಇಟ್ಟಂತೆ ಇಟ್ಟುಕೊಂಡಳು. "ನನ್ನಿಂದಲೇ ಹೋಯ್ತು," ಎಂದಳು. ಅವಳ ದನಿ ಹಾಗೆ ನಡುಗಿದ್ದನ್ನು ನಾನು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ನನಗೆ ಅಳು ಬಂತು.

ಬ್ಯಾರಿ ಒಳ್ಳೆಯವನೇ, ಬುದ್ಧಿ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ. ಪ್ಯಾಕೆಟ್ ತೆಗೆದು ನೆವಿಲ್‌ನ ಮುಂದೆ ಹಿಡಿದ. "ಹೋಗ್ಲಿ ಬಿಡು. ಕೆಳಗೆ ಹೋಗಿ ಒಂದು ಹಚ್ಚು."

ಡೊರೀನ್ ತಲೆ ಎತ್ತಿದಳು. "ತಗೊಳ್ಳೋ ನೆವಿಲ್. ಇದಕ್ಕೋಸ್ಕರ ತಾನೆ ಬಿಟ್ಟಿದ್ದು. ಅದೇ ಮುಗೀತಲ್ಲ."

ನೆವಿಲ್ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡ. ಅವನು ಅದರ ಮುಚ್ಚಳ ಒತ್ತಿ ಬ್ಯಾರಿಯ ಅಂಗಿಯ ಜೇಬಿಗೆ ತುರುಕಿ, ಬೆಂಚಿನ ಮೇಲೆ ಡೊರೀನ್‌ಳ ಪಕ್ಕಕ್ಕೆ ಬಂದು ಕೂತ.

"ಕೈ ಹೋದ್ರೆ ನೀನೇನು ಮನೇಲಿ ಕೂರ್ತೀಯಾ?" ಎಂದ. "ಇಲ್ಲೇ ಕೂತ್ಕೊಂಡು, ನೆವಿಲ್ ತಡ, ನೆವಿಲ್ ಬೇಗ ಅಂತ ಕೂಗ್ತಾ ಇರ್ತೀಯ. ಇನ್ನೂ ಇಪ್ಪತ್ತು ವರ್ಷ ಕೂಗ್ತೀಯ, ನನಗೆ ಗೊತ್ತು. ಎದುರು ಮಾತಾಡೋಕೆ ನನಗೆ ಉಸಿರು ಬೇಡ್ವೇನೇ?"

ಡೊರೀನ್ ಎಡಗೈಯಿಂದ ಕಣ್ಣು ಒರೆಸಿಕೊಂಡಳು.

"ಮೊದಲ ಅರ್ಧ ತಾಸು ನೀನು ತಡವಾಗೇ ಬಾರಿಸ್ತಿದ್ದೆ," ಎಂದಳು.